ಆಟದ ಬಯಲೂ ಬೆಳೆಭೂಮಿಯೇ

1990ರ ಸೆಪ್ಟೆಂಬರ್ 12ರಂದು ಸ್ವೀಡನ್ ದೇಶದ ಲಾಂಡ್ಸ್‌ಕ್ರೋನಾ ಪಟ್ಟಣದಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಕೆಲವೇ ತಿಂಗಳ ಹಿಂದೆ ಇಟಲಿಯಲ್ಲಿ ವಿಶ್ವಕಪ್ ಆಡಿ ಬಂದಿದ್ದ ಆಸ್ಟ್ರಿಯಾ ತಂಡವನ್ನು, ಐವತ್ತು ಸಾವಿರ ಜನಸಂಖ್ಯೆಯೂ ಇಲ್ಲದ ಫೆರೋ ದ್ವೀಪಗಳ ತಂಡ ಒಂದು ಗೋಲಿನಿಂದ ಸೋಲಿಸಿಬಿಟ್ಟಿತು. ಅದು ಆ ದ್ವೀಪವಾಸಿಗಳ ಮೊತ್ತಮೊದಲ ಸ್ಪರ್ಧಾತ್ಮಕ ಅಂತಾರಾಷ್ಟ್ರೀಯ ಪಂದ್ಯ. ಗೋಲು ಹೊಡೆದ ಟೋರ್ಕಿಲ್ ನೀಲ್ಸನ್ ಮರಮುಟ್ಟು ಮಾರುವ ಸಂಸ್ಥೆಯೊಂದರ ನೌಕರ. ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸನ್ ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಆಡಿದಾತ.

ಈ ಕಥೆಯನ್ನು ಹೇಳುವವರೆಲ್ಲ ಗೆಲುವಿನ ಬಗ್ಗೆ ಹೇಳುತ್ತಾರೆ. ಪಂದ್ಯ ಸ್ವೀಡನ್ನಿನಲ್ಲಿ ಏಕೆ ನಡೆಯಿತು ಎಂಬುದನ್ನು ಹೇಳುವವರು ಕಡಿಮೆ. ನಿಯಮದಂತೆ ಅದು ಫೆರೋ ತಂಡದ ತವರಿನ ಪಂದ್ಯ. ಆದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟಕ್ಕೆ ಬೇಕಾಗಿದ್ದುದು ಸಹಜ ಹುಲ್ಲಿನ ಮೈದಾನ. ಅಂಥದೊಂದು ಮೈದಾನ ಇಡೀ ಫೆರೋ ನಾಡಿನಲ್ಲಿ ಇರಲಿಲ್ಲ.

ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್‌ಗಳ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಚೆದುರಿ ಬಿದ್ದಿರುವ ಈ 18 ದ್ವೀಪಗಳು ಹಸಿರಿಗೆ ಹೆಸರಾದವು. ವರ್ಷದ ಬಹುಪಾಲು ದಿನಗಳಲ್ಲಿ ಅಲ್ಲಿ ಮಳೆ ಹನಿಯುತ್ತದೆ. ಜ್ವಾಲಾಮುಖಿಯ ಕಪ್ಪುಶಿಲೆಯ ಮೇಲೆ ತೆಳ್ಳನೆಯ ಮಣ್ಣು, ಮಣ್ಣಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿಗಳು. ಅಲ್ಲಿ ಹುಲ್ಲಿಗೆ ಬರವಿಲ್ಲ, ಸಮತಟ್ಟಿಗೆ ಬರ. ಇದ್ದ ಚೂರುಪಾರು ಸಮತಟ್ಟಿನಲ್ಲಿ ಅವರು ಜಲ್ಲಿ ಹರಡಿ ಆಡುತ್ತಿದ್ದರು, ಬಳಿಕ ಪ್ಲಾಸ್ಟಿಕ್ ಹಾಸು ತಂದರು. ಒಕ್ಕೂಟ ಅದನ್ನು ಒಪ್ಪದಿದ್ದಾಗ ಟೋಫ್ಟಿರ್ ಎಂಬ ಹಳ್ಳಿಯ ಬಳಿ ಗುಡ್ಡದ ಬಂಡೆಯನ್ನು ಸಿಡಿಸಿ, ನೆಲ ಮಾಡಿ, ಹುಲ್ಲು ಬೆಳೆಸಿದರು. ತರುವಾಯ ರಾಜಧಾನಿಯಾದ ಟೋರ್ಶಾವ್‌ನ್‌ನಲ್ಲಿಯೂ ಹುಲ್ಲಿನ ಕ್ರೀಡಾಂಗಣವಾಯಿತು. ಅಷ್ಟರಲ್ಲಿ ಜಗತ್ತಿನ ಮನಸ್ಸು ಬದಲಾಯಿತು. 2004ರಲ್ಲಿ ಫುಟ್‌ಬಾಲಿನ ನಿಯಮಾವಳಿಯೇ ಕೃತಕ ಹಾಸಿಗೆ ಜಾಗ ಕೊಟ್ಟಿತು. ಹುಲ್ಲಿಗಾಗಿ ಬಂಡೆ ಒಡೆದ ದ್ವೀಪವಾಸಿಗಳು 2010ರ ದಶಕದಲ್ಲಿ ರಾಜಧಾನಿಯ ಆ ಹುಲ್ಲನ್ನು ಕಿತ್ತು ಪ್ಲಾಸ್ಟಿಕ್ ಹಾಸಿದರು.

ಗುಡ್ಡಗಾಡಿನ ಜನ ಈ ಪುಟ್ಟ ಇತಿಹಾಸವನ್ನು ಎರಡು ಬಾರಿ ಓದಬೇಕು. ಕಾಲಡಿಯ ನೆಲ ಯಾವುದಿರಬೇಕು ಎಂಬುದನ್ನು ಎಲ್ಲಿಯೋ ಕುಳಿತವರು ತೀರ್ಮಾನಿಸುತ್ತಾರೆ. ಬೆಲೆಯನ್ನು ಸ್ಥಳೀಯರೂ ಅಲ್ಲಿನ ಗುಡ್ಡವೂ ತೆರುತ್ತವೆ. ಮಲೆನಾಡಿನ ಪೇಟೆಗಳಲ್ಲಿ ಇಂದು 'ಟರ್ಫ್' ಎಂಬ ಹೆಸರಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಅಂಗಳಗಳು ತಲೆಯೆತ್ತುತ್ತಿವೆ. ಹಳ್ಳಿಯ ಶಾಲೆಯ ಬಯಲಿಗೂ ಅದನ್ನೇ ಹಾಸಿದರೆ ಪ್ರಗತಿಯಾದಂತೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಆದ್ದರಿಂದ ಆಟದ ನೆಲವೆಂದರೇನು ಎಂಬುದನ್ನು ಕೃಷಿಯ ಕಣ್ಣಿನಿಂದ ನೋಡುವುದು ಅಗತ್ಯವಾಗಿದೆ.

ಅಂತಾರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ರೈತನ ಲೆಕ್ಕದಲ್ಲಿ ಒಂದೂ ಮುಕ್ಕಾಲು ಎಕರೆ. ಅಲ್ಲಿ ಬೆಳೆಯುವ ಹುಲ್ಲು ಕೊಯ್ಲಿಗೆ ಬರುವುದಿಲ್ಲ, ತುಳಿತಕ್ಕೆ ಬರುತ್ತದೆ, ವ್ಯತ್ಯಾಸ ಅಷ್ಟೆ. ಒಳ್ಳೆಯ ಮಣ್ಣಿನಲ್ಲಿ ಕಣಗಳು ಒಂದನ್ನೊಂದು ಅಪ್ಪಿಕೊಂಡು ಸಣ್ಣ ಸಣ್ಣ ಹರಳುಗಳಾಗಿರುತ್ತವೆ. ಅವುಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ, ಬೇರು ಓಡುತ್ತದೆ. ನಾಟಿಗೆ ಮುನ್ನ ರೈತ ನೀರು ಕಟ್ಟಿ, ಎತ್ತಿನಿಂದಲೋ ಟಿಲ್ಲರಿನಿಂದಲೋ ಗದ್ದೆಯನ್ನು ಕಲಸುವುದು ಈ ಸಂದುಗಳನ್ನು ಮುಚ್ಚುವುದಕ್ಕಾಗಿಯೇ. ಸಂದು ಮುಚ್ಚಿದರೆ ನೀರು ನಿಲ್ಲುತ್ತದೆ, ಭತ್ತಕ್ಕೆ ಅದು ಬೇಕು. ಮಳೆಯಲ್ಲಿ ನೆನೆದ ಬಯಲಿನ ಮೇಲೆ 22 ಜೊತೆ ಬೂಟುಗಳು ತೊಂಬತ್ತು ನಿಮಿಷ ಓಡಿದಾಗ ನಡೆಯುವುದೂ ಇದೇ ಕೆಲಸ. ಗದ್ದೆಯಲ್ಲಿ ಬೇಕೆಂದು ಮಾಡುವುದು ಮೈದಾನದಲ್ಲಿ ಬೇಡವಾಗಿ ಆಗಿಬಿಡುತ್ತದೆ. ಒಣಗಿದ ಮೇಲೆ ಅದೇ ಜಾಗ ಇಟ್ಟಿಗೆಯಂತೆ ಗಡುಸಾಗುತ್ತದೆ. ಚೆಂಡು ಎದೆಯೆತ್ತರಕ್ಕೆ ಪುಟಿಯುತ್ತದೆ, ಬಿದ್ದವನ ಮೊಣಕಾಲು ಕಿತ್ತುಹೋಗುತ್ತದೆ.

ಇದನ್ನು ತಪ್ಪಿಸಲೆಂದೇ ದೊಡ್ಡ ಕ್ರೀಡಾಂಗಣಗಳಲ್ಲಿ ಮಣ್ಣಿನ ಬದಲು ಸುಮಾರು ಒಂದಡಿ ದಪ್ಪ ಮರಳಿನ ಪದರ ಹಾಕಿ, ಕೆಳಗೆ ಜಲ್ಲಿ ಮತ್ತು ಬಸಿಯುವ ಕೊಳವೆಗಳನ್ನಿಟ್ಟು, ಮೇಲೆ ಹುಲ್ಲು ಬೆಳೆಸುತ್ತಾರೆ. ಮರಳು ಎಷ್ಟು ತುಳಿದರೂ ಸುಲಭವಾಗಿ ಒತ್ತಿಕೊಳ್ಳುವುದಿಲ್ಲ. ಆದರೆ ಅದಕ್ಕೆ ಸಾರವೂ ಇಲ್ಲ, ಹಿಡಿತವೂ ಇಲ್ಲ. ಹಿಡಿತವನ್ನು ಹುಲ್ಲಿನ ಬೇರೇ ಕೊಡಬೇಕು. ಲಂಡನ್ನಿನ ಹೊಸ ವೆಂಬ್ಲಿ ಕ್ರೀಡಾಂಗಣ 2007ರಲ್ಲಿ ತೆರೆದಾಗ ಕಟ್ಟಡವನ್ನು ಎಲ್ಲರೂ ಹೊಗಳಿದರು, ನೆಲವನ್ನು ಎಲ್ಲರೂ ಬಯ್ದರು. ಮೇಲ್ಛಾವಣಿಯ ನೆರಳು, ನಡುನಡುವೆ ಸಂಗೀತ ಕಾರ್ಯಕ್ರಮಗಳು. ಬೇರು ಇಳಿಯುವ ಮೊದಲೇ ಹುಲ್ಲು ಏಳುತ್ತಿತ್ತು. ಮತ್ತೆ ಮತ್ತೆ ಹಾಸು ಬದಲಿಸಿದ ಮೇಲೆ 2010ರಲ್ಲಿ, ಹುಲ್ಲಿನ ನಡುವೆ ಲಕ್ಷಾಂತರ ಕೃತಕ ಎಳೆಗಳನ್ನು ಮರಳಿನಾಳಕ್ಕೆ ಹೊಲಿಯುವ ವಿಧಾನಕ್ಕೆ ಹೋದರು. ಎಳೆ ಬೇರಿಗೆ ಆಸರೆ. ಆಟ ನಡೆಯುವುದು ಜೀವಂತ ಹುಲ್ಲಿನ ಮೇಲೆಯೇ.

ಆ ಹುಲ್ಲು ಯಾವುದು? ತಂಪುದೇಶಗಳಲ್ಲಿ ರೈ ಹುಲ್ಲು ಮತ್ತು ನೀಲಿಹುಲ್ಲಿನ ಜಾತಿಗಳು. ಬಿಸಿಲಿನ ದೇಶಗಳ ಬಹಳಷ್ಟು ಪ್ರಸಿದ್ಧ ಅಂಗಳಗಳಲ್ಲಿ ಇರುವುದು 'ಬರ್ಮುಡಾ ಹುಲ್ಲು'. ಮಲೆನಾಡಿನವರಿಗೆ ಈ ಹೆಸರು ಹೊಸದಾಗಿರಬಹುದು, ಗಿಡ ಹೊಸದಲ್ಲ. ಅದು ಸಿನೊಡಾನ್ ಡ್ಯಾಕ್ಟಿಲಾನ್, ಅಂದರೆ ಗರಿಕೆ. ಗಣಪತಿಗೆ ಏರಿಸುವ, ತೋಟದಲ್ಲಿ ಎಷ್ಟು ಕಿತ್ತರೂ ಸಾಯದೆ ಕೃಷಿಕರ ಬಾಯಲ್ಲಿ ಬೈಗುಳ ತಿನ್ನುವ ಅದೇ ಗರಿಕೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಈ ಗರಿಕೆಗೆ ಆಫ್ರಿಕಾದ ಅದರ ದಾಯಾದಿಯೊಂದರ ಸಂಕರವನ್ನು ಬಳಸಿ ಬಿಡುಗಡೆ ಮಾಡಿದ 'ಟಿಫ್‌ವೇ' ತಳಿ ಇಂದಿಗೂ ಲೋಕದ ಆಟದ ಬಯಲುಗಳಲ್ಲಿದೆ. ಬೀಜ ಕಟ್ಟದ ತಳಿಯಾದುದರಿಂದ ಅದನ್ನು ತುಂಡು ನೆಟ್ಟೇ ಬೆಳೆಸಬೇಕು. ಗರಿಕೆಯ ಶಕ್ತಿ ಅದರ ಹಂಬಿನಲ್ಲಿದೆ. ನೆಲದ ಮೇಲೊಂದು ಕಾಂಡ, ನೆಲದಡಿಯಲ್ಲೊಂದು ಕಾಂಡ; ಬೂಟಿನ ಮುಳ್ಳು ಎಲ್ಲಿ ಕತ್ತರಿಸಿದರೂ ಗಿಣ್ಣಿನಿಂದ ಚಿಗುರುತ್ತದೆ. ಅದಕ್ಕೆ ಆಗದಿರುವುದು ನೆರಳು ಮಾತ್ರ. ಕೋಟ್ಯಂತರ ರೂಪಾಯಿ ಸುರಿದು ಪ್ಲಾಸ್ಟಿಕ್ಕಿನಲ್ಲಿ ಅನುಕರಿಸಲು ಹೊರಟಿರುವ ಹುಲ್ಲು ಮಲೆನಾಡಿನ ಪ್ರತಿ ಅಂಗಳದಂಚಿನಲ್ಲಿ ಬಿಟ್ಟಿಯಾಗಿ ಬೆಳೆಯುತ್ತಿದೆ ಎಂಬುದನ್ನು ಗಮನಿಸುವವರು ಎಷ್ಟು ಮಂದಿ?

ಹುಲ್ಲಿಗಾಗಿ ವಿಜ್ಞಾನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1994ರ ಅಮೆರಿಕ ವಿಶ್ವಕಪ್ ಸಾಕ್ಷಿ. ಡೆಟ್ರಾಯಿಟ್ ಬಳಿಯ ಪಾಂಟಿಯಾಕ್ ಸಿಲ್ವರ್‌ಡೋಮ್ ಪೂರ್ತಿ ಮುಚ್ಚಿದ ಕ್ರೀಡಾಂಗಣ. ಒಳಗೆ ಹುಲ್ಲು ಬದುಕುವಷ್ಟು ಬೆಳಕಿಲ್ಲ. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಕೃಷಿವಿಜ್ಞಾನಿಗಳು ಜೇನುಗೂಡಿನ ಕಣ್ಣಿನಂತೆ ಆರು ಮೂಲೆಯ ದೊಡ್ಡ ದೊಡ್ಡ ತಟ್ಟೆಗಳಲ್ಲಿ ಹುಲ್ಲನ್ನು ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ಬೆಳೆಸಿ, ಪಂದ್ಯಗಳ ಹೊತ್ತಿಗೆ ಒಳಗೆ ತಂದು ಒಂದಕ್ಕೊಂದು ಜೋಡಿಸಿದರು. ಆ ವರ್ಷದ ಜೂನ್ 18ರಂದು ಅಮೆರಿಕ ಮತ್ತು ಸ್ವಿಟ್ಜರ್‌ಲೆಂಡ್ ತಂಡಗಳು ಆಡಿದ್ದು ವಿಶ್ವಕಪ್ಪಿನ ಇತಿಹಾಸದಲ್ಲಿ ಸೂರಿನಡಿ ನಡೆದ ಮೊದಲ ಪಂದ್ಯ, ಅದೂ ಹಸಿ ಹುಲ್ಲಿನ ಮೇಲೆ. ಸಸಿಮಡಿಯಲ್ಲಿ ಬೆಳೆಸಿ ಗದ್ದೆಗೆ ನೆಡುವವರಿಗೆ ಈ ಉಪಾಯ ಅಪರಿಚಿತವೆನಿಸದು.

ಇನ್ನು ಪ್ಲಾಸ್ಟಿಕ್ಕಿನ ಪುರಾಣ. 1981ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸಂಘ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲಿಗೆ ಮೊದಲ ಕೃತಕ ಹಾಸನ್ನು ತಂದಿತು. ಇನ್ನೂ ಕೆಲವು ಸಂಘಗಳು ಹಿಂಬಾಲಿಸಿದವು. ಅದು ಕಾಂಕ್ರೀಟಿನ ಮೇಲೆ ಕಂಬಳಿ ಹಾಸಿದಂತಿತ್ತು. ಚೆಂಡು ಹುಚ್ಚುಹುಚ್ಚಾಗಿ ಪುಟಿಯುತ್ತಿತ್ತು, ಜಾರಿ ಬಿದ್ದವರ ಚರ್ಮ ಸುಟ್ಟಂತೆ ಕಿತ್ತುಬರುತ್ತಿತ್ತು. 1990ರ ದಶಕದ ನಡುವಿನ ಹೊತ್ತಿಗೆ ಆ ಪ್ರಯೋಗ ಮುಗಿಯಿತು. ಅನಂತರ ಬಂದದ್ದು ಉದ್ದ ಎಳೆಯ ಹಾಸು. ಎಳೆಗಳ ನಡುವೆ ಮರಳು ಮತ್ತು ಹಳೆಯ ಟೈರುಗಳನ್ನು ಪುಡಿಮಾಡಿದ ರಬ್ಬರ್ ಕಾಳುಗಳನ್ನು ತುಂಬಿದ್ದರಿಂದ ಪುಟಿತ ತಗ್ಗಿತು, ಆಟ ಸುಧಾರಿಸಿತು. 2007ರ ಅಕ್ಟೋಬರ್‌ನಲ್ಲಿ ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದ ಇಂಥದೇ ಹಾಸಿನ ಮೇಲೆ ಇಂಗ್ಲೆಂಡ್ ರಷ್ಯಾಕ್ಕೆ 2–1ರಿಂದ ಸೋತಿತು. ಅದೇ ಅಂಗಳದಲ್ಲಿ 2008ರ ಮೇ ತಿಂಗಳಲ್ಲಿ ಯುರೋಪಿನ ಸಂಘಗಳ ಅಂತಿಮ ಪಂದ್ಯಕ್ಕಾಗಿ ತಾತ್ಕಾಲಿಕವಾಗಿ ಹುಲ್ಲು ಹಾಸಲಾಯಿತು. ಸುರಿವ ಮಳೆಯಲ್ಲಿ, ಗೆಲುವಿಗೆ ಒಂದೇ ಹೊಡೆತ ಬಾಕಿಯಿದ್ದಾಗ, ಚೆಲ್ಸಿಯ ನಾಯಕ ಜಾನ್ ಟೆರಿಯ ಊರುಗಾಲು ಜಾರಿ ಚೆಂಡು ಕಂಬಕ್ಕೆ ಬಡಿಯಿತು. ಕಪ್ಪು ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾಯಿತು. ಹುಲ್ಲು ಎಂದೊಡನೆ ಎಲ್ಲವೂ ಸರಿ ಎಂದು ತಿಳಿಯಬಾರದು. ತಂದು ಹಾಸಿದ ಹುಲ್ಲು ಬೇರು ಬಿಡುವವರೆಗೆ ಅದೂ ಒಂದು ಚಾಪೆಯೇ.

ಆಟಗಾರರಿಗೆ ಆಯ್ಕೆ ಕೊಟ್ಟರೆ ಅವರು ಯಾವುದನ್ನು ಕೇಳುತ್ತಾರೆ? 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ನಡೆದಾಗ ಆರೂ ಅಂಗಳಗಳಲ್ಲಿ ಕೃತಕ ಹಾಸೇ ಇತ್ತು. ಪುರುಷರ ವಿಶ್ವಕಪ್ ಎಂದೂ ಪೂರ್ತಿಯಾಗಿ ಪ್ಲಾಸ್ಟಿಕ್ಕಿನ ಮೇಲೆ ನಡೆದಿಲ್ಲ, ತಮಗೇಕೆ ಈ ತಾರತಮ್ಯ ಎಂದು ಅಮೆರಿಕದ ಆ್ಯಬಿ ವಾಂಬಾಕ್, ಬ್ರೆಜಿಲಿನ ಮಾರ್ತಾ ಮೊದಲಾದ ಆಟಗಾರ್ತಿಯರು 2014ರಲ್ಲಿ ಅಲ್ಲಿನ ಮಾನವ ಹಕ್ಕುಗಳ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಟೂರ್ನಿ ಹತ್ತಿರವಾದಂತೆ, 2015ರ ಜನವರಿಯಲ್ಲಿ ದೂರನ್ನು ಹಿಂತೆಗೆದುಕೊಂಡು ಅದೇ ಹಾಸಿನ ಮೇಲೆ ಆಡಿದರು. ಇತ್ತ 2026ರ ಪುರುಷರ ವಿಶ್ವಕಪ್ಪಿಗೆ ಗೊತ್ತುಮಾಡಿದ 16 ಕ್ರೀಡಾಂಗಣಗಳಲ್ಲಿ ಅರ್ಧದಷ್ಟರಲ್ಲಿ ಕೃತಕ ಹಾಸಿದ್ದರೂ ಅಲ್ಲೆಲ್ಲ ಸಹಜ ಹುಲ್ಲು ಬೇಕೆಂದು ನಿಗದಿಯಾಯಿತು. ಅದರ ಸಂಶೋಧನೆಯ ಹೊಣೆ ಹೊತ್ತವರಲ್ಲಿ 1994ರ ಅದೇ ಮಿಷಿಗನ್ ವಿಶ್ವವಿದ್ಯಾಲಯವೂ ಇದೆ.

ಆದರೂ ಪ್ಲಾಸ್ಟಿಕ್ಕನ್ನು ಸಾರಾಸಗಟಾಗಿ ಬಯ್ಯುವುದು ನ್ಯಾಯವಲ್ಲ. ನಾರ್ವೆಯ ಲೋಫೋಟೆನ್ ದ್ವೀಪಸಮೂಹದ ಹೆನ್ನಿಂಗ್ಸ್‌ವೇರ್ ಎಂಬ ಮೀನುಗಾರರ ಹಳ್ಳಿಯ ಅಂಗಳದ ಆಕಾಶಚಿತ್ರವನ್ನು ಅನೇಕರು ನೋಡಿರಬಹುದು. ಸುತ್ತ ಸಮುದ್ರ, ಬರಿಯ ಬಂಡೆ, ಕಾಡ್ ಮೀನು ಒಣಹಾಕುವ ಮರದ ಚಪ್ಪರಗಳು, ನಟ್ಟನಡುವೆ ಒಂದು ಹಸಿರು ಚೌಕ. ಅಲ್ಲಿ ಮಣ್ಣೇ ಇಲ್ಲ. ಚಳಿಗಾಲದಲ್ಲಿ ಸೂರ್ಯನೂ ಇಲ್ಲ. ಅಂಥಲ್ಲಿ ಕೃತಕ ಹಾಸು ಮಕ್ಕಳಿಗೆ ಆಟವನ್ನು ದಕ್ಕಿಸಿಕೊಟ್ಟಿದೆ. ಫೆರೋ ಜನರ ಮರಳಿಕೆಯೂ ಅದೇ ಕಾರಣಕ್ಕೆ ಅರ್ಥವಾಗುವಂಥದು. ಒಂದು ಹಾಸಿನ ಮೇಲೆ ದಿನವಿಡೀ ಆಡಬಹುದು, ಹುಲ್ಲಿಗಾದರೆ ವಿಶ್ರಾಂತಿ ಬೇಕು. ಸುಸಜ್ಜಿತ ಹುಲ್ಲಿನ ಕ್ರೀಡಾಂಗಣಗಳು ನೀರನ್ನೂ ಗೊಬ್ಬರವನ್ನೂ ಕೀಟನಾಶಕವನ್ನೂ ಬೇಡುತ್ತವೆ ಎಂಬುದೂ ನಿಜ. 2022ರ ಕತಾರ್ ವಿಶ್ವಕಪ್ಪಿನ ಹುಲ್ಲು ಮರುಭೂಮಿಯಲ್ಲಿ ಬೆಳೆದದ್ದು ಉಪ್ಪು ತೆಗೆದ ಕಡಲ ನೀರಿನಿಂದ.

ಮಲೆನಾಡಿನ ಪ್ರಶ್ನೆ ಬೇರೆ. ಇಲ್ಲಿ ಮಣ್ಣಿದೆ, ಬಿಸಿಲಿದೆ, ಗರಿಕೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ ಮಳೆಯಿದೆ. ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಎಂದು ಹಿಡಿದರೆ, ಒಂದು ಫುಟ್‌ಬಾಲ್ ಅಂಗಳದ ಮೇಲೆ ಬೀಳುವ ನೀರು ಸುಮಾರು 5 ಕೋಟಿ ಲೀಟರ್. ಪೂರ್ಣ ಅಳತೆಯ ಕೃತಕ ಅಂಗಳವೊಂದರಲ್ಲಿ ನೂರು ಟನ್ನಿನಷ್ಟು ರಬ್ಬರ್ ಕಾಳು ತುಂಬಿರುತ್ತದೆ. ಆಟಗಾರರ ಬೂಟಿನಲ್ಲಿ, ಗಾಳಿಯಲ್ಲಿ, ನೀರಿನಲ್ಲಿ ಅದು ಸದಾ ಹೊರಹೋಗುತ್ತಲೇ ಇರುವುದರಿಂದ ಆಗಾಗ ಹೊಸದನ್ನು ಸುರಿಯಬೇಕು. ಯುರೋಪಿನ ರಾಸಾಯನಿಕ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಅಂಗಳಗಳಿಂದ ವರ್ಷಕ್ಕೆ 16,000 ಟನ್‌ವರೆಗೂ ಇಂಥ ಕಾಳು ಪರಿಸರಕ್ಕೆ ಸೇರುತ್ತದೆ. 2023ರಲ್ಲಿ ಐರೋಪ್ಯ ಒಕ್ಕೂಟ ಇದರ ಮಾರಾಟವನ್ನು ನಿಷೇಧಿಸುವ ನಿಯಮ ತಂದು, ಎಂಟು ವರ್ಷಗಳ ಕಾಲಾವಕಾಶ ಕೊಟ್ಟಿತು. 2031ರ ಅಕ್ಟೋಬರ್‌ನಿಂದ ಅದು ಪೂರ್ತಿ ಜಾರಿಗೆ ಬರಬೇಕು. ಅಲ್ಲಿ ಬಾಗಿಲು ಮುಚ್ಚುತ್ತಿರುವ ಸರಕಿಗೆ ಇಲ್ಲಿ ತೋರಣ ಕಟ್ಟಬೇಕೆ?

ಈ ರಬ್ಬರಿನಿಂದ ಆಟಗಾರರಿಗೆ ಕ್ಯಾನ್ಸರ್ ಬರುತ್ತದೆ ಎಂಬ ಭಯ ಕೆಲವೆಡೆ ಹಬ್ಬಿತ್ತು. ಅದೇ ಯುರೋಪಿನ ಸಂಸ್ಥೆ 2017ರಲ್ಲಿ ಪರಿಶೀಲಿಸಿ, ಆತಂಕಕ್ಕೆ ಇರುವ ಕಾರಣ ಅತ್ಯಲ್ಪ ಎಂದಿತು. ಪರಿಸರದ ಪರವಾಗಿ ಮಾತಾಡುವವರು ಸಾಬೀತಾಗದ ಭಯವನ್ನು ಮಾರಬಾರದು. ಸಾಬೀತಾಗಿರುವುದೇ ಸಾಕಷ್ಟಿದೆ. ಅಮೆರಿಕದ ವಾಯವ್ಯ ಕರಾವಳಿಯ ತೊರೆಗಳಲ್ಲಿ ಮಳೆ ಬಂದೊಡನೆ ಕೋಹೋ ಸಾಲ್ಮನ್ ಮೀನುಗಳು ಗುಂಪಾಗಿ ಸಾಯುತ್ತಿದ್ದುದು ವರ್ಷಗಟ್ಟಲೆ ಒಗಟಾಗಿತ್ತು. ಟೈರು ಬಿರಿಯದಂತೆ ರಬ್ಬರಿಗೆ ಸೇರಿಸುವ ರಾಸಾಯನಿಕವೊಂದು ಗಾಳಿಯ ಓಝೋನಿನೊಡನೆ ಕೂಡಿ ಹುಟ್ಟುವ ವಿಷವೇ ಕಾರಣವೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಲ್ಲಿ ಅದು ಬಂದದ್ದು ಮುಖ್ಯವಾಗಿ ರಸ್ತೆಗಳಿಂದ. ಎಲ್ಲ ಜಾತಿಯ ಮೀನೂ ಅದಕ್ಕೆ ಸಾಯುವುದಿಲ್ಲ. ಆದರೆ ಪುಡಿ ಮಾಡಿ ಅಂಗಳಕ್ಕೆ ಸುರಿಯುವುದೂ ಅದೇ ಟೈರನ್ನೇ. ಮಲೆನಾಡಿನ ಬಯಲುಗಳ ನೀರು ಹಳ್ಳಕ್ಕೆ, ಹಳ್ಳದ ನೀರು ತೋಟಕ್ಕೂ ಹೊಳೆಗೂ ಹೋಗುತ್ತದೆ. ಬೇಸಿಗೆಯ ಸಂಗತಿ ಇನ್ನೊಂದು. ಹುಲ್ಲು ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ ಬೆವರಲಾರದು. ಬಿಸಿಲೇರಿದಾಗ ಅದರ ಮೇಲ್ಮೈ 60 ಡಿಗ್ರಿ ದಾಟುವುದನ್ನು ಅನೇಕ ಕಡೆ ಅಳೆದು ನೋಡಿದ್ದಾರೆ. ಬರಿಗಾಲಿನ ಹುಡುಗರು ಅಲ್ಲಿ ಹೇಗೆ ಆಡಿಯಾರು?

ಬರಿಗಾಲಿನ ಮಾತು ಬಂದುದರಿಂದ ಹಾಕಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿಗೆ ಏರಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲಿಗೆ ನೆಲವೊಂದೇ ಕಾರಣವಲ್ಲ. ಆದರೆ ಅಲ್ಲಿಂದಾಚೆಗೆ ಉನ್ನತ ಮಟ್ಟದ ಹಾಕಿ ಕಲಿಯಬೇಕಾದರೆ ಹಾಸು ಇರುವ ನಗರಕ್ಕೆ ಹೋಗಲೇಬೇಕಾಯಿತು. ಕೊಡಗಿನಲ್ಲಿ 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿ ಉತ್ಸವ ಊರ ಬಯಲುಗಳನ್ನು ಬಿಟ್ಟುಕೊಡಲಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಸೇರಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯಬಹುದಾದ ಆಟ ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ, ಬಲೆ ಕಟ್ಟಿದ ಟರ್ಫಿನಲ್ಲಿ ಹುಟ್ಟುತ್ತಿತ್ತೆ? ಊರ ಬಯಲಿನಲ್ಲಿ ಸಂಜೆ ಆಟ, ಹಗಲು ದನ, ಸುಗ್ಗಿಯಲ್ಲಿ ಜಾತ್ರೆ. ಹಾಸು ಬಿದ್ದ ದಿನ ಬೇಲಿಯೂ ಬೀಳುತ್ತದೆ, ಬೀಗವೂ ಬೀಳುತ್ತದೆ.

ಹಾಗೆಂದು ಊರ ಬಯಲುಗಳ ಇಂದಿನ ಸ್ಥಿತಿ ಹೊಗಳುವಂತೇನೂ ಇಲ್ಲ. ಬಹಳಷ್ಟು ಕಡೆ ಯಂತ್ರ ತಂದು ಮೇಲ್ಮಣ್ಣನ್ನೆಲ್ಲ ಕೆರೆದು ಕೆಂಪು ಒಡಲು ತೆರೆದಿಟ್ಟು 'ಮೈದಾನ ಅಭಿವೃದ್ಧಿ' ಎನ್ನುತ್ತಾರೆ. ಗರಿಕೆ ಬೇರೂರುವ ಸಾರವಿರುವುದು ಆ ಮೇಲಿನ ಅರ್ಧ ಅಡಿಯಲ್ಲೇ. ಸಮತಟ್ಟಿನ ಆಸೆಗೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುವುದು ಇನ್ನೂ ಕೆಟ್ಟದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಇಳಿಜಾರುಗಳನ್ನು ಮನುಷ್ಯ ಬದಲಾಯಿಸಿದ್ದನ್ನು ಭೂವಿಜ್ಞಾನಿಗಳು ಕಾರಣಗಳಲ್ಲಿ ಮುಖ್ಯವಾಗಿ ಎಣಿಸಿದ್ದಾರೆ. 105 ಮೀಟರ್ ಉದ್ದ ಇರಲೇಬೇಕೆಂಬ ಹಟ ಹಳ್ಳಿಗೆ ಬೇಡ. ಮಲಪ್ಪುರಂ ಜಿಲ್ಲೆಯವರು ಜಾಗಕ್ಕೆ ತಕ್ಕಂತೆ ಏಳು ಮಂದಿಯ ಆಟವನ್ನೇ ಕಟ್ಟಿಕೊಂಡರು. ಥಾಯ್ಲೆಂಡಿನ ಕೋ ಪನ್ಯಿ ಎಂಬ, ಕಡಲ ಮೇಲೆ ಕಂಬ ನೆಟ್ಟು ಕಟ್ಟಿದ ಹಳ್ಳಿಯ ಹುಡುಗರು 1986ರ ವಿಶ್ವಕಪ್ಪನ್ನು ಟಿ.ವಿ.ಯಲ್ಲಿ ನೋಡಿ ಹಲಗೆಗಳನ್ನು ಜೋಡಿಸಿ ತೇಲುವ ಅಂಗಳ ಮಾಡಿಕೊಂಡರು.

ಬಯಲನ್ನು ಉಳಿಸಿಕೊಳ್ಳಲು ಬೇಕಾದ ವಿದ್ಯೆ ಅಡಿಕೆ ತೋಟದವರಿಗೆ ಗೊತ್ತಿರುವುದೇ. ಮೇಲುಭಾಗದಿಂದ ಇಳಿದು ಬರುವ ನೀರನ್ನು ಬಯಲಿಗೆ ನುಗ್ಗಗೊಡದೆ ಅಗಳು ತೆಗೆದು ತಿರುಗಿಸಬೇಕು. ನಡುಭಾಗ ತುಸು ಎತ್ತರ, ಅಂಚಿಗೆ ನೂರಡಿಗೆ ಒಂದಡಿಯಷ್ಟು ಇಳಿಜಾರು, ಅಂಚಿನಲ್ಲಿ ಬಸಿಗಾಲುವೆ. ಗೋಲಿನ ಮುಂದೆ ಮತ್ತು ನಡುವೃತ್ತದಲ್ಲಿ ನೆಲ ಹೆಚ್ಚು ಸವೆಯುತ್ತದೆ. ಮಳೆ ಬಿಟ್ಟೊಡನೆ ಅಲ್ಲಿ ಸಲಾಕೆಯಿಂದ ಗೇಣಿಗೊಂದರಂತೆ ನಾಲ್ಕು ಬೆರಳಾಳದ ತೂತು ಹೊಡೆದು, ಒಂದಿಷ್ಟು ಹುಡಿಗೊಬ್ಬರವನ್ನೂ ಮರಳನ್ನೂ ಕಲಸಿ ತುಂಬಿದರೆ ಮಣ್ಣು ಉಸಿರಾಡುತ್ತದೆ. ಇಡೀ ಬಯಲಿಗೆ ಕ್ರೀಡಾಂಗಣದಂತೆ ಒಂದಡಿ ಮರಳು ಹಾಕಹೊರಟರೆ 2,000 ಘನಮೀಟರ್ ಮೀರುತ್ತದೆ. ಅದಕ್ಕಾಗಿ ಹೊಳೆಯ ಒಡಲು ಬಗೆಯುವುದಾದರೆ ಪ್ಲಾಸ್ಟಿಕ್ಕಿಗೂ ಅದಕ್ಕೂ ಅಂತರವೇನು ಉಳಿಯಿತು? ಬೋಳಾದಲ್ಲಿ ಮುಂಗಾರಿನ ಮೊದಲ ಮಳೆಗೆ ಗರಿಕೆಯ ಹಂಬು ನೆಟ್ಟು ಆರೆಂಟು ವಾರ ತುಳಿಯದೆ ಬಿಡಬೇಕು. ಗೋಲುಕಂಬಗಳನ್ನು ವರ್ಷಕ್ಕೊಮ್ಮೆ ಹತ್ತು ಹೆಜ್ಜೆ ಸರಿಸಿದರೆ ಸವೆತ ಒಂದೇ ಕಡೆ ಬೀಳುವುದಿಲ್ಲ. ಬಯಲಿನಲ್ಲಿ ಲಾರಿ ತಿರುಗಿಸುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಮಳೆಗಾಲದ ಆ ವಾರಗಳಲ್ಲಿ ಹುಡುಗರು ಎಲ್ಲಿ ಆಡಬೇಕು ಎಂಬ ಪ್ರಶ್ನೆಗೆ ಕೊಡಗಿನಿಂದ ತುಳುನಾಡಿನವರೆಗೆ ಉತ್ತರ ಸಿದ್ಧವಾಗಿದೆ: ಕೆಸರುಗದ್ದೆ.

ಕೃತಕ ಹಾಸಿನ ಆಯಸ್ಸು ಸುಮಾರು ಹತ್ತು ವರ್ಷ. ಅಂಥ ಪ್ರಸ್ತಾವ ಗ್ರಾಮಸಭೆಯ ಮುಂದೆ ಬಂದಾಗ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು: ಅಂಗಳದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ, ಬೀಗದ ಕೈ ಯಾರ ಬಳಿ ಇರುತ್ತದೆ, ಹನ್ನೊಂದನೆಯ ವರ್ಷ ಆ ಒಂದೂ ಮುಕ್ಕಾಲು ಎಕರೆ ಪ್ಲಾಸ್ಟಿಕ್ಕನ್ನೂ ಅದರೊಳಗಿನ ರಬ್ಬರನ್ನೂ ಎಲ್ಲಿಗೆ ಒಯ್ದು ಹಾಕುತ್ತಾರೆ.